ಸ್ವಂತ ಮೇಜರ್ ಕಟ್ಟಿಕೊಳ್ಳುವವರು ಪ್ರಸ್ತಾವ ಬರೆಯುವ ಮೊದಲು ಏನು ನೋಡಬೇಕು?

ಕಿವಿಗೊಟ್ಟವಳು

ಎಲ್ಲರಿಗೂ ನಮಸ್ಕಾರ.

ಕಾಲೇಜಿನಲ್ಲಿ ನನ್ನ ಮೊದಲ ವರ್ಷ ಮುಗಿಯುತ್ತಾ ಬಂದಿದೆ. ನಮ್ಮಲ್ಲಿ ಲಿಬರಲ್ ಸ್ಟಡೀಸ್ ಅಡಿಯಲ್ಲಿ ಸ್ವಂತ ಮೇಜರ್, ಎಂದರೆ ಪದವಿಯ ಮುಖ್ಯ ವಿಷಯ, ರೂಪಿಸಿಕೊಳ್ಳಲು ಅವಕಾಶವಿದೆ. ಏನು ಓದಬೇಕು ಎಂದು ನಾವೇ ಹೇಳಬೇಕು. ಬೇರೆ ಬೇರೆ ವಿಭಾಗಗಳಿಂದ ಕೋರ್ಸ್ ಆರಿಸಿಕೊಳ್ಳಬೇಕು. ಒಬ್ಬ ಅಧ್ಯಾಪಕರು ಮಾರ್ಗದರ್ಶನಕ್ಕೆ ಒಪ್ಪಬೇಕು. ಆಮೇಲೆ ಒಂದು ಸಮಿತಿ ಪ್ರಸ್ತಾವ ಓದಿ ತೀರ್ಮಾನಿಸುತ್ತದೆ.

ನನ್ನನ್ನು ಹಿಡಿದಿರುವ ವಿಷಯ ಸದ್ದು. ಜನ ವಾಸಿಸುವ ಜಾಗಗಳ ಸದ್ದು: ರಸ್ತೆ, ರೈಲು, ವಿಮಾನ. ಫಿಸಿಕ್ಸ್‌ನವರಿಗೆ ಅದು ಅಲೆ. ಸೈಕಾಲಜಿಯವರಿಗೆ ಕಿರಿಕಿರಿ. ಪಬ್ಲಿಕ್ ಹೆಲ್ತ್‌ನವರು ನಿದ್ದೆ, ರಕ್ತದೊತ್ತಡದ ಮಾತಾಡುತ್ತಾರೆ. ಕಾನೂನಿನವರು ಮಿತಿ, ದೂರು, ದಂಡ ಎನ್ನುತ್ತಾರೆ. ಯಾವ ವಿಭಾಗಕ್ಕೆ ಸೇರಿದರೂ ಮಿಕ್ಕಿದ್ದು ಹೊರಗೇ ಉಳಿಯುತ್ತದೆ.

ಸಮಿತಿಯವರು ಏನು ನೋಡುತ್ತಾರೆ? ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಕಲಿತು, ಯಾವುದರಲ್ಲೂ ಗಟ್ಟಿಯಾಗದೆ ಹೋದರೆ? ಮುಂದೆ ಸ್ನಾತಕೋತ್ತರ ಓದಿಗೆ ಅರ್ಜಿ ಹಾಕಿದಾಗ ಇದನ್ನು ಒಪ್ಪುತ್ತಾರಾ? ಈ ದಾರಿಯಲ್ಲಿ ನಡೆದವರು, ಕಲಿಸುವವರು, ಬೇಡ ಎನ್ನುವವರು ಎಲ್ಲರೂ ದಯವಿಟ್ಟು ಬರೆಯಿರಿ. ಪ್ರಸ್ತಾವ ಕೊಡಲು ಇನ್ನೂ ಸ್ವಲ್ಪ ಸಮಯವಿದೆ.

ಅಡ್ವೈಸಿಂಗ್ ಮೇಜು

ಇಂಥ ಪ್ರಸ್ತಾವಗಳನ್ನು ಓದುವ ಸಮಿತಿಯಲ್ಲಿ ನಾನೂ ಇದ್ದೇನೆ. ನಿಮ್ಮ ಮೊದಲ ಪ್ರಶ್ನೆಗೆ ವಿವರವಾಗಿಯೇ ಹೇಳುತ್ತೇನೆ.

ಇರುವ ಮೇಜರ್ ಒಂದು, ಮೈನರ್ (ಕಡಿಮೆ ಕೋರ್ಸ್‌ಗಳ ಉಪವಿಷಯ) ಒಂದು ಸೇರಿಸಿದರೆ ಈ ಓದು ಆಗಿಬಿಡುತ್ತದಾ? ನಾವು ಮೊದಲು ನೋಡುವುದು ಇದನ್ನೇ. ಆಗುತ್ತದೆ ಅನ್ನಿಸಿದರೆ ವಿದ್ಯಾರ್ಥಿಯನ್ನು ಅಲ್ಲಿಗೇ ಕಳಿಸುತ್ತೇವೆ. ಎಷ್ಟೋ ಜನ ಇದರಿಂದ ಬೇಜಾರು ಮಾಡಿಕೊಳ್ಳುತ್ತಾರೆ. ಆದರೆ ಎಲ್ಲರಿಗೂ ಗೊತ್ತಿರುವ ಹೆಸರಿನ ಪದವಿ ಕೈಯಲ್ಲಿದ್ದರೆ ಮುಂದೆ ವಿವರಿಸುವ ಕಷ್ಟ ಕಡಿಮೆ. ಅದು ಅವರಿಗೇ ಒಳ್ಳೆಯದು.

ಆಮೇಲೆ ನೋಡುವುದು, ಇಲ್ಲಿ ಪ್ರಶ್ನೆ ಇದೆಯಾ ಅಥವಾ ಬರೀ ವಿಷಯ ಇದೆಯಾ ಎಂದು. 'ಪರಿಸರ ಮತ್ತು ಸಮಾಜ' ಒಂದು ವಿಷಯ. 'ಕಲೆ ಮತ್ತು ತಂತ್ರಜ್ಞಾನ' ಇನ್ನೊಂದು. ಇವುಗಳ ಕೆಳಗೆ ಯಾವ ಕೋರ್ಸ್ ಬೇಕಾದರೂ ತಂದು ಹಾಕಬಹುದು. ಹಾಗಾಗಿ ಯಾವುದನ್ನು ಬಿಡಬೇಕು ಅಂತ ಗೊತ್ತಾಗುವುದೇ ಇಲ್ಲ. ಪ್ರಶ್ನೆ ಇದ್ದರೆ ಅದೇ ಹೇಳುತ್ತದೆ, ಈ ಕೋರ್ಸ್ ಬೇಕು, ಆ ಕೋರ್ಸ್ ಎಷ್ಟೇ ಚೆನ್ನಾಗಿದ್ದರೂ ನನಗೆ ಬೇಡ ಎಂದು. ನೀವು ಬರೆದಿರುವ 'ಸದ್ದು' ಸದ್ಯಕ್ಕೆ ವಿಷಯದ ಹಂತದಲ್ಲೇ ಇದೆ.

ಹೆಚ್ಚಿನ ಪ್ರಸ್ತಾವಗಳು ಎಡವುವುದು ಮಾತ್ರ ವಿಧಾನದಲ್ಲಿ. ಉತ್ತರವನ್ನು ಹೇಗೆ ಹುಡುಕುತ್ತೀರಿ? ಉಪಕರಣ ಇಟ್ಟು ಅಳೆಯುತ್ತೀರಾ? ಜನರನ್ನು ಕೂರಿಸಿ ಮಾತಾಡಿಸುತ್ತೀರಾ? ಹಳೆಯ ದಾಖಲೆ ಓದುತ್ತೀರಾ? ಅಂಕಿಅಂಶ ವಿಶ್ಲೇಷಣೆ ಮಾಡುತ್ತೀರಾ? ಇವೆಲ್ಲ ಬೇರೆ ಬೇರೆ ಕಸುಬುಗಳು. ಪ್ರತಿಯೊಂದಕ್ಕೂ ವರ್ಷಗಟ್ಟಲೆ ಅಭ್ಯಾಸ ಬೇಕು. ಎಲ್ಲವನ್ನೂ ಮಾಡುತ್ತೇನೆ ಎಂದು ಬರೆದವರ ಪಟ್ಟಿ ನೋಡಿದರೆ ಐದು ವಿಭಾಗಗಳ ಪರಿಚಯದ ಕೋರ್ಸ್‌ಗಳೇ ಇರುತ್ತವೆ. ಮೇಲಿನ ಹಂತದ ಕೋರ್ಸ್ ಒಂದೋ ಎರಡೋ. ಅಂಥದ್ದನ್ನು ನಾವು ವಾಪಸ್ ಕಳಿಸುತ್ತೇವೆ. ಒಂದು ವಿಧಾನವನ್ನು ಬೆನ್ನೆಲುಬಾಗಿ ಹಿಡಿಯಿರಿ. ಅದರಲ್ಲಿ ಆ ವಿಭಾಗದ ಮೇಜರ್ ವಿದ್ಯಾರ್ಥಿ ಹೋಗುವಷ್ಟು ಆಳಕ್ಕೆ ಹೋಗಿ. ಮಿಕ್ಕಿದ್ದನ್ನು ಓದಿ ಅರ್ಥ ಮಾಡಿಕೊಳ್ಳುವಷ್ಟು ಕಲಿತರೆ ಸಾಕು.

ಕೋರ್ಸ್ ಲೆಕ್ಕವನ್ನೂ ಈಗಲೇ ಹಾಕಿ. ಅಮೆರಿಕದ ಬಹಳಷ್ಟು ಕಾಲೇಜುಗಳಲ್ಲಿ ಪದವಿಗೆ ಸುಮಾರು 120 ಕ್ರೆಡಿಟ್ ಬೇಕು, ಒಂದು ಕೋರ್ಸ್‌ಗೆ ಸಾಮಾನ್ಯವಾಗಿ ಮೂರೋ ನಾಲ್ಕೋ ಕ್ರೆಡಿಟ್. ಎಲ್ಲರಿಗೂ ಕಡ್ಡಾಯವಾದ ಕೋರ್ಸ್‌ಗಳು ಅದರಲ್ಲಿ ದೊಡ್ಡ ಪಾಲು ತಿನ್ನುತ್ತವೆ. ಮೇಜರ್‌ಗೆ ಉಳಿಯುವುದು ಹತ್ತು ಹನ್ನೆರಡು ಕೋರ್ಸ್‌ಗಳ ಜಾಗ. ಬಹಳ ಎನ್ನಿಸುತ್ತದೆ, ಅಲ್ವಾ? ಆದರೆ ಮೇಲಿನ ಹಂತದ ಒಂದು ಕೋರ್ಸ್ ಸೇರಲು ಮೊದಲು ಕಲಿತಿರಬೇಕಾದ ಎರಡು ಮೂರು ಕೋರ್ಸ್ ಇರುತ್ತವೆ. ಅವನ್ನೂ ಲೆಕ್ಕಕ್ಕೆ ಹಿಡಿದರೆ ಪಟ್ಟಿ ಬೇಗ ತುಂಬುತ್ತದೆ. ಇನ್ನೊಂದು ಮಾತು. ಕ್ಯಾಟಲಾಗ್‌ನಲ್ಲಿ ಹೆಸರಿದೆ ಎಂದ ಮಾತ್ರಕ್ಕೆ ಆ ಕೋರ್ಸ್ ಪ್ರತಿವರ್ಷ ನಡೆಯುವುದಿಲ್ಲ. ಎರಡು ವರ್ಷಕ್ಕೊಮ್ಮೆ ನಡೆಯುವವು ಎಷ್ಟೋ. ವಿಭಾಗದ ಆಫೀಸಿನಲ್ಲಿ ವಿಚಾರಿಸಿ. ಮುಖ್ಯವಾದ ಪ್ರತಿ ಕೋರ್ಸ್‌ಗೂ ಬದಲಿಯೊಂದನ್ನು ಬರೆದಿಡಿ.

ಎರಡನೇ ಸೆಮಿಸ್ಟರ್

ಹಾಗಾದರೆ ಎರಡು ಮೇಜರ್ ಮಾಡಿದರೆ ಆಗುವುದಿಲ್ಲವಾ? ಸುಮ್ನೆ ಇಷ್ಟೆಲ್ಲ ಓಡಾಟ ಯಾಕೆ ಅಂತ ಕೇಳುತ್ತಿದ್ದೇನೆ.

ಅಂಕಿಅಂಶದ ಮೇಷ್ಟ್ರು

ನೋಡಮ್ಮಾ, ನಾನು ಈ ಪದವಿಗಳ ಪರ ಇಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಒಂದು ವಿಭಾಗ ಎಂದರೆ ಬರೀ ಕೋರ್ಸ್‌ಗಳ ಪಟ್ಟಿ ಅಲ್ಲ. ಒಂದೇ ಥರದ ಸಮಸ್ಯೆಯ ಮುಂದೆ ಮತ್ತೆ ಮತ್ತೆ ಕೂರುವುದು ಅದು. ಮೊದಲ ವರ್ಷದಲ್ಲಿ ಸರಾಸರಿ ಎಂದರೇನು ಎಂದು ಕಲಿತವನು, ಮೂರನೇ ವರ್ಷದಲ್ಲಿ ಅದೇ ಸರಾಸರಿ ಎಲ್ಲಿ ಮೋಸ ಮಾಡುತ್ತದೆ ಎಂದು ಕಲಿಯುತ್ತಾನೆ. ನಡುವೆ ಅವನ ಜೊತೆ ಕೂತ ಹುಡುಗರು ಅದೇ ಲೆಕ್ಕದಲ್ಲಿ ಒದ್ದಾಡಿರುತ್ತಾರೆ. ಕಲಿಸುವವರಿಗೆ ಅವನ ದೌರ್ಬಲ್ಯ ಗೊತ್ತಿರುತ್ತದೆ. ಪ್ರತಿ ಸೆಮಿಸ್ಟರ್ ಹೊಸ ವಿಭಾಗದ ಬಾಗಿಲು ತಟ್ಟುವವರಿಗೆ ಇದು ಸಿಗುವುದಿಲ್ಲ. ಎಲ್ಲ ಕಡೆಯೂ ಅವರು ಹೊಸಬರೇ.

ನಿನ್ನ ವಿಷಯ ನನಗೆ ಇಷ್ಟವಾಯಿತು. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ. ಸ್ಟ್ಯಾಟಿಸ್ಟಿಕ್ಸ್ ಮೇಜರ್ ಮಾಡು. ಪಬ್ಲಿಕ್ ಹೆಲ್ತ್ ಮೈನರ್ ಮಾಡು. ಸದ್ದಿನ ಮೇಲೆ ಕೊನೆಯ ವರ್ಷದ ಪ್ರಬಂಧ ಬರೆ. ಅಷ್ಟಕ್ಕೆ ಯಾರ ಒಪ್ಪಿಗೆಯೂ ಬೇಕಾಗಿಲ್ಲ.

ನಕಾಶೆ ಹಿಡಿದವನು

ಮೇಷ್ಟ್ರು ಹೇಳಿದ್ದರಲ್ಲಿ ಒಂದನ್ನು ಪೂರ್ತಿ ಒಪ್ಪುತ್ತೇನೆ. ಜೊತೆಗೆ ಕೂರುವವರು ಇರುವುದಿಲ್ಲ. ನಾನು ಇಂಥದೇ ಪದವಿ ಮಾಡಿದವನು. ಹಳೆಯ ನಕಾಶೆಗಳ ಮೇಲೆ. ಇತಿಹಾಸ, ಭೂಗೋಳ, ಪ್ರೋಗ್ರಾಮಿಂಗ್ ಸೇರಿಸಿ ಓದಿದೆ. ಪರೀಕ್ಷೆ ಹತ್ತಿರ ಬಂದಾಗ ಇತಿಹಾಸದವರೆಲ್ಲ ಗುಂಪಾಗಿ ಓದುತ್ತಿದ್ದರು. ಕಂಪ್ಯೂಟರ್ ವಿಭಾಗದವರಿಗೆ ರಾತ್ರಿಯೆಲ್ಲ ಲ್ಯಾಬ್‌ನಲ್ಲಿ ಅವರದೇ ಸಂಗ. ನಾನು ಎರಡೂ ಕಡೆ ಅತಿಥಿ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ, ಅದಕ್ಕೇ ಹೇಳುತ್ತಿದ್ದೇನೆ. ನಿಮ್ಮ ಕಾಲೇಜಿನಲ್ಲಿ ಸ್ವಂತ ಮೇಜರ್ ಮಾಡುವ ಬೇರೆಯವರನ್ನು ಹುಡುಕಿ. ವಿಷಯ ಏನೇ ಇರಲಿ, ಕಷ್ಟಗಳು ಒಂದೇ ಥರ ಇರುತ್ತವೆ. ತಿಂಗಳಿಗೊಮ್ಮೆ ಕೂತು ಬರೆದದ್ದನ್ನು ಒಬ್ಬರಿಗೊಬ್ಬರು ಓದಿ ಹೇಳಿದರೂ ಬಹಳ ಸಹಾಯ.

ಆದರೆ ಮೇಷ್ಟ್ರೇ, 'ಎಲ್ಲ ಕಡೆಯೂ ಹೊಸಬರು' ಎನ್ನುವುದು ಬೆನ್ನೆಲುಬು ಇಲ್ಲದ ಪ್ರಸ್ತಾವಕ್ಕೆ ಸರಿ. ನನಗೆ ಇತಿಹಾಸ ಬೆನ್ನೆಲುಬಾಗಿತ್ತು. ಮೇಲಿನ ಹಂತದ ಸೆಮಿನಾರ್‌ಗಳಲ್ಲಿ ಇತಿಹಾಸ ಮೇಜರ್‌ನವರ ಜೊತೆಗೇ ಕೂತೆ, ಅವರಷ್ಟೇ ಬರೆದೆ. ಪ್ರೋಗ್ರಾಮಿಂಗ್ ಕಲಿತದ್ದು ಒಂದು ಕೆಲಸಕ್ಕೆ: ಹಳೆಯ ನಕಾಶೆಯ ಮೇಲಿನ ಜಾಗಗಳನ್ನು ಇವತ್ತಿನ ಅಕ್ಷಾಂಶ ರೇಖಾಂಶಕ್ಕೆ ಹೊಂದಿಸಿ, ಎಲ್ಲೆಲ್ಲಿ ಎಷ್ಟು ವ್ಯತ್ಯಾಸ ಇದೆ ಎಂದು ನೋಡಲು. ಆ ವ್ಯತ್ಯಾಸ ಯಾಕೆ ಬಂತು ಎನ್ನುವುದು ಮತ್ತೆ ಇತಿಹಾಸದ ಪ್ರಶ್ನೆ. ಸರ್ವೆಯವರು ಆ ಜಾಗಕ್ಕೆ ಹೋಗಿದ್ದರಾ, ಕೇಳಿ ಬರೆದರಾ? ಇತಿಹಾಸವನ್ನೂ ಕಂಪ್ಯೂಟರ್ ಸೈನ್ಸನ್ನೂ ಬೇರೆ ಬೇರೆ ಮೇಜರ್ ಆಗಿ ಓದಿದ್ದರೆ ಈ ಎರಡನ್ನು ಸೇರಿಸುವ ಜಾಗವೇ ಸಿಗುತ್ತಿರಲಿಲ್ಲ. ಎರಡೂ ಮೇಜರ್‌ಗಳ ಕಡ್ಡಾಯ ಕೋರ್ಸ್ ಮುಗಿಸುವುದರಲ್ಲೇ ಸಮಯ ಹೋಗುತ್ತಿತ್ತು. ಎರಡನೇ ಸೆಮಿಸ್ಟರ್ ಅವರೇ, ನಿಮ್ಮ ಪ್ರಶ್ನೆಗೆ ಇದೇ ನನ್ನ ಉತ್ತರ.

ಹಳೆ ಕಡತ

ಈ ಬಗೆಯ ಪದವಿಯ ಹಿನ್ನೆಲೆ ಸ್ವಲ್ಪ ಗೊತ್ತಿದ್ದರೆ ಒಳ್ಳೆಯದು. ಇದು ಹೊಸ ಫ್ಯಾಷನ್ ಎಂದುಕೊಂಡವರು ಜಾಸ್ತಿ.

ಹಾರ್ವರ್ಡ್‌ನಲ್ಲಿ ಚಾರ್ಲ್ಸ್ ಎಲಿಯಟ್ 1869ರಲ್ಲಿ ಅಧ್ಯಕ್ಷರಾದರು. 40 ವರ್ಷ ಇದ್ದರು. ಎಲ್ಲರೂ ಒಂದೇ ಪಾಠ ಓದಬೇಕು ಎಂಬ ಕಟ್ಟನ್ನು ಸಡಿಲಿಸಿ, ವಿದ್ಯಾರ್ಥಿಗಳೇ ಕೋರ್ಸ್ ಆರಿಸುವ ಪದ್ಧತಿಯನ್ನು ಬೆಳೆಸಿದರು. ಅದರ ನೂರು ವರ್ಷಕ್ಕೆ, 1969ರಲ್ಲಿ, ಬ್ರೌನ್ ವಿಶ್ವವಿದ್ಯಾಲಯ ಎಲ್ಲರಿಗೂ ಕಡ್ಡಾಯವಾದ ಕೋರ್ಸ್‌ಗಳನ್ನೇ ಕೈಬಿಟ್ಟಿತು. ಅದಕ್ಕೆ ಕಾರಣವಾದದ್ದು ವಿದ್ಯಾರ್ಥಿಗಳೇ ಅಧ್ಯಯನ ಮಾಡಿ ಬರೆದ ಒಂದು ವರದಿ. ಐರಾ ಮ್ಯಾಗಜಿನರ್, ಎಲಿಯಟ್ ಮ್ಯಾಕ್ಸ್‌ವೆಲ್ ಅದರ ಮುಂದಾಳುಗಳು. ಅಲ್ಲಿಂದ ಮುಂದೆ ವಿದ್ಯಾರ್ಥಿಗಳೇ ಓದನ್ನು ರೂಪಿಸಿಕೊಳ್ಳುವ ಜಾಗಗಳು ಸಾಲಾಗಿ ಬಂದವು. 1970ರಲ್ಲಿ ಹ್ಯಾಂಪ್‌ಶೈರ್ ಕಾಲೇಜು ಬಾಗಿಲು ತೆರೆಯಿತು. 1971ರಲ್ಲಿ ಎವರ್‌ಗ್ರೀನ್ ಸ್ಟೇಟ್ ಕಾಲೇಜು. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಗ್ಯಾಲಟಿನ್ ಶಾಲೆಯ ಬೇರು 1972ರಲ್ಲಿದೆ.

ನನಗೆ ಇದರಲ್ಲಿ ಮುಖ್ಯ ಎನ್ನಿಸುವುದು ಬೇರೆಯದು. ಹೀಗೆ ಕಟ್ಟು ಸಡಿಲಿಸಿದ ಕಡೆ ಅದರ ಜಾಗಕ್ಕೆ ಬಿಗಿಯಾದ ಇನ್ನೊಂದನ್ನು ತಂದಿಟ್ಟರು. ಹ್ಯಾಂಪ್‌ಶೈರ್‌ನಲ್ಲಿ ಅಂಕದ ಬದಲು ಬರಹದ ಮೌಲ್ಯಮಾಪನ ಇಟ್ಟರು. ಜೊತೆಗೆ ಕೊನೆಯ ಹಂತದಲ್ಲಿ ವರ್ಷವಿಡೀ ನಡೆಯುವ ಒಂದೇ ದೊಡ್ಡ ಸ್ವತಂತ್ರ ಕೆಲಸ. ಗ್ಯಾಲಟಿನ್‌ನಲ್ಲಿ ವಿದ್ಯಾರ್ಥಿ ತಾನೇ ಒಂದು ಪುಸ್ತಕಪಟ್ಟಿ ಮಾಡಿಕೊಂಡು, ಕೊನೆಗೆ ಅಧ್ಯಾಪಕರ ಮುಂದೆ ಎರಡು ಗಂಟೆ ಕೂತು ಅದರ ಮೇಲೆ ಮಾತಾಡಬೇಕು. ಕ್ಯಾಲಿಫೋರ್ನಿಯಾದ ರೆಡ್‌ಲ್ಯಾಂಡ್ಸ್ ವಿಶ್ವವಿದ್ಯಾಲಯದ ಜಾನ್‌ಸ್ಟನ್ ಕೇಂದ್ರದಲ್ಲಿ ಪದವಿಗೆ ಏನೇನು ಮಾಡುತ್ತೇನೆ ಎಂದು ವಿದ್ಯಾರ್ಥಿ ಒಪ್ಪಂದ ಬರೆದುಕೊಡಬೇಕು. ಆ ಸಮಿತಿಯಲ್ಲಿ ಸಹಪಾಠಿಗಳೂ ಕೂರುತ್ತಾರೆ. ಕಡ್ಡಾಯ ಕಡಿಮೆಯಾದಷ್ಟೂ ಲೆಕ್ಕ ಒಪ್ಪಿಸುವುದು ಹೆಚ್ಚಾಯಿತು. ನಿಮ್ಮ ಕಾಲೇಜಿನಲ್ಲಿ ಕೊನೆಯಲ್ಲಿ ಏನು ಒಪ್ಪಿಸಬೇಕು ಎಂದು ಮೊದಲು ಕೇಳಿ. ಅಲ್ಲಿಂದ ಹಿಂದಕ್ಕೆ ಬಂದು ಪ್ಲಾನ್ ಮಾಡಿ.

ಮಗಳ ಅಮ್ಮ

ನನ್ನ ಮಗಳೂ ಇದನ್ನೇ ಮಾಡುತ್ತೇನೆ ಎನ್ನುತ್ತಿದ್ದಾಳೆ. ತಡೆಯಲು ಇಷ್ಟವಿಲ್ಲ, ಭಯ ಮಾತ್ರ ಇದೆ. ಫೀಸು ಕಟ್ಟುವವರು ನಾವು. ಪದವಿ ಪತ್ರದ ಮೇಲೆ ಏನು ಬರೆದಿರುತ್ತದೆ? 'ಲಿಬರಲ್ ಸ್ಟಡೀಸ್' ಎಂದಷ್ಟೇ ಇದ್ದರೆ ಕೆಲಸ ಕೊಡುವವರಿಗೆ ಏನು ಅರ್ಥವಾಗುತ್ತದೆ? ಇಂಥ ಕಾಲೇಜುಗಳು ಮುಚ್ಚಿಹೋಗುತ್ತವೆ ಎಂದೂ ಕೇಳಿದ್ದೇನೆ.

ಅಡ್ವೈಸಿಂಗ್ ಮೇಜು

ಅಮ್ಮ, ನಿಮ್ಮ ಮೂರೂ ಪ್ರಶ್ನೆ ನ್ಯಾಯವಾದವು.

ಪತ್ರದ ಮೇಲೆ ಏನಿರುತ್ತದೆ ಎನ್ನುವುದು ಕಾಲೇಜಿನಿಂದ ಕಾಲೇಜಿಗೆ ಬೇರೆ. ಕೆಲವು ಕಡೆ ವಿದ್ಯಾರ್ಥಿ ಕೊಟ್ಟ ಶೀರ್ಷಿಕೆಯೇ ಅಂಕಪಟ್ಟಿಯಲ್ಲಿ ಬರುತ್ತದೆ. ಕೆಲವು ಕಡೆ ಕಾರ್ಯಕ್ರಮದ ಹೆಸರು ಮಾತ್ರ. ರಿಜಿಸ್ಟ್ರಾರ್ ಆಫೀಸಿನಲ್ಲಿ ಬರಹದಲ್ಲೇ ಕೇಳಿ ತಿಳಿದುಕೊಳ್ಳಲಿ. ಶೀರ್ಷಿಕೆ ಬರುವುದಾದರೆ ಅದನ್ನು ಸರಳವಾಗಿ ಇಡಲಿ. ಓದಿದ ತಕ್ಷಣ ಏನು ಕಲಿತಿದ್ದಾಳೆ ಎಂದು ಗೊತ್ತಾಗಬೇಕು. ಅಂದಹಾಗೆ, ಕ್ಯಾಲಿಫೋರ್ನಿಯಾದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಲಿಬರಲ್ ಸ್ಟಡೀಸ್ ಎಂದರೆ ಸಾಮಾನ್ಯವಾಗಿ ಪ್ರಾಥಮಿಕ ಶಾಲೆಯ ಟೀಚರ್ ಆಗುವವರ ಓದು. ಅಲ್ಲಿ ಕೋರ್ಸ್‌ಗಳನ್ನು ಬಹುಪಾಲು ಮೊದಲೇ ನಿಗದಿ ಮಾಡಿರುತ್ತಾರೆ. ಹೆಸರು ನೋಡಿ ಅರ್ಜಿ ಹಾಕುವ ಮುಂಚೆ ಒಳಗೆ ಏನಿದೆ ಎಂದು ಓದಬೇಕು.

ಮುಚ್ಚುವ ಮಾತೂ ನಿಜ. ವಿದ್ಯಾರ್ಥಿಗಳೇ ಓದನ್ನು ರೂಪಿಸಿಕೊಳ್ಳುವ ಪದ್ಧತಿಗೆ ಹೆಸರಾಗಿದ್ದ ಗಾಡರ್ಡ್ ಕಾಲೇಜು 2024ರಲ್ಲಿ ಮುಚ್ಚಿತು. ಪೂರ್ತಿ ಈ ಪದ್ಧತಿಯ ಮೇಲೇ ನಿಂತ ಚಿಕ್ಕ ಕಾಲೇಜು ಬೇರೆ, ದೊಡ್ಡ ವಿಶ್ವವಿದ್ಯಾಲಯದೊಳಗೆ ಇರುವ ಸ್ವಂತ ಮೇಜರ್ ಅವಕಾಶ ಬೇರೆ. ಎರಡನೆಯದರಲ್ಲಿ ಕಾರ್ಯಕ್ರಮ ನಿಂತರೂ ಮಗಳು ಮಾಡಿದ ಕೋರ್ಸ್‌ಗಳು ಆಯಾ ವಿಭಾಗದವೇ ಆಗಿರುವುದರಿಂದ ಹತ್ತಿರದ ಮೇಜರ್‌ಗೆ ಸೇರಿಸಿಕೊಳ್ಳಲು ದಾರಿ ಇರುತ್ತದೆ. ಮೂರನೇ ಸೆಮಿಸ್ಟರ್ ತನಕ ಆ ದಾರಿಯನ್ನು ತೆರೆದಿಡುವ ಹಾಗೆ ಕೋರ್ಸ್ ಆರಿಸಿಕೊಳ್ಳಲಿ. ನಾನು ಪ್ರತಿ ವಿದ್ಯಾರ್ಥಿಗೂ ಇದನ್ನು ಹೇಳುತ್ತೇನೆ.

ಕೆಲಸದ ಪ್ರಶ್ನೆಗೆ ನಕಾಶೆಯವರು ಉತ್ತರಿಸಿದರೆ ಚೆನ್ನ.

ನಕಾಶೆ ಹಿಡಿದವನು

ಹೇಳುತ್ತೇನೆ ಅಮ್ಮ. ಸಂದರ್ಶನದಲ್ಲಿ ಪದವಿಯ ಹೆಸರಿನಿಂದ ಮಾತು ಶುರು ಮಾಡಬಾರದು. ಮಾಡಿದ ಕೆಲಸದಿಂದ ಶುರು ಮಾಡಬೇಕು. ನಾನು ಒಂದು ನಕಾಶೆಯನ್ನು ಪರದೆ ಮೇಲೆ ಇಟ್ಟು ತೋರಿಸುತ್ತಿದ್ದೆ: ಇದು ಹಳೆಯದು, ಇದು ನಾನು ಹೊಂದಿಸಿದ್ದು, ಈ ಪ್ರೋಗ್ರಾಮ್ ನಾನು ಬರೆದದ್ದು, ಈ ಮೂಲೆಯಲ್ಲಿ ಮಾತ್ರ ವ್ಯತ್ಯಾಸ ಜಾಸ್ತಿ ಬಂದದ್ದಕ್ಕೆ ಕಾರಣ ಇದು. ಅಷ್ಟಾದ ಮೇಲೆ ಅವರೇ 'ಏನು ಓದಿದ್ದು?' ಎಂದು ಕೇಳುತ್ತಿದ್ದರು. ಆಗ ಹೆಸರು ಹೇಳಿದರೆ ಕುತೂಹಲದಿಂದ ಕೇಳುತ್ತಾರೆ. ಮೊದಲೇ ಹೇಳಿದರೆ ಅನುಮಾನದಿಂದ ಕೇಳುತ್ತಾರೆ.

ಒಂದು ತೊಂದರೆ ಇದೆ, ಮುಚ್ಚಿಡುವುದಿಲ್ಲ. ಆನ್‌ಲೈನ್ ಅರ್ಜಿಗಳಲ್ಲಿ ಮೇಜರ್ ಆರಿಸುವ ಪಟ್ಟಿ ಕೊಟ್ಟಿರುತ್ತಾರೆ. ಅದರಲ್ಲಿ ನಮ್ಮದು ಇರುವುದಿಲ್ಲ. ಅಲ್ಲಿ ಬೆನ್ನೆಲುಬಿನ ವಿಭಾಗದಲ್ಲಿ ಒಂದು ಮೈನರ್ ಅಧಿಕೃತವಾಗಿ ಇದ್ದರೆ ಬಹಳ ಅನುಕೂಲ.

ಬಿಳಿ ಕೋಟು ಕಪ್ಪು ಕೋಟು

ಮುಂದಿನ ಓದಿನ ಬಗ್ಗೆ ಚುಟುಕಾಗಿ. ಅಮೆರಿಕದಲ್ಲಿ ಮೆಡಿಕಲ್ ಶಾಲೆಗೆ ಯಾವ ಮೇಜರ್ ಆದರೂ ನಡೆಯುತ್ತದೆ. ಆದರೆ ಆಯಾ ಶಾಲೆ ಕೇಳುವ ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್ ಕೋರ್ಸ್‌ಗಳನ್ನು ಲ್ಯಾಬ್ ಸಮೇತ ಮುಗಿಸಿರಬೇಕು. ಲಾ ಸ್ಕೂಲ್‌ಗೂ ಅಷ್ಟೇ, ಇಂಥದೇ ಮೇಜರ್ ಬೇಕು ಎಂದು ಅಲ್ಲಿನ ವಕೀಲರ ಸಂಘವಾದ ಅಮೆರಿಕನ್ ಬಾರ್ ಅಸೋಸಿಯೇಷನ್ ಹೇಳುವುದಿಲ್ಲ. ಎಂಜಿನಿಯರಿಂಗ್ ಬೇರೆ ಮಾತು. ಲೈಸೆನ್ಸ್ ಪಡೆದ ಎಂಜಿನಿಯರ್ ಆಗಬೇಕು ಎಂಬ ಆಸೆ ಇದ್ದರೆ ಮಾನ್ಯತೆ ಪಡೆದ ಎಂಜಿನಿಯರಿಂಗ್ ಪದವಿಯೇ ನೇರ ದಾರಿ. ಸ್ವಂತ ಮೇಜರ್ ದಾರಿ ಹಿಡಿಯಬೇಡಿ. ಅರ್ಥಶಾಸ್ತ್ರದಲ್ಲಿ ಪಿಎಚ್‌ಡಿ ಬೇಕು ಎನ್ನುವವರು ಕ್ಯಾಲ್ಕುಲಸ್, ಲೀನಿಯರ್ ಆಲ್ಜೀಬ್ರ, ರಿಯಲ್ ಅನಾಲಿಸಿಸ್ ಬಿಡಬಾರದು.

ಕಿವಿಗೊಟ್ಟವಳು

ಎಲ್ಲರ ಮಾತೂ ಓದಿ ಒಂದು ಕರಡು ಬರೆದಿದ್ದೇನೆ. ಕಟುವಾಗಿ ಹೇಳಿದರೂ ಪರವಾಗಿಲ್ಲ.

ಶೀರ್ಷಿಕೆ: ಸದ್ದು, ಆರೋಗ್ಯ ಮತ್ತು ನಗರ. ಪ್ರಶ್ನೆ: ನಗರದ ಸದ್ದು ಜನರ ಬದುಕಿನ ಮೇಲೆ ಹೇಗೆ ಪರಿಣಾಮ ಬೀರುತ್ತದೆ? ಕೋರ್ಸ್‌ಗಳು: ಅಕೌಸ್ಟಿಕ್ಸ್ (ಸದ್ದಿನ ವಿಜ್ಞಾನ), ಗ್ರಹಿಕೆಯ ಸೈಕಾಲಜಿ, ಎಪಿಡೆಮಿಯಾಲಜಿ (ಜನಸಮುದಾಯದಲ್ಲಿ ಕಾಯಿಲೆಗಳ ಅಧ್ಯಯನ) ಪರಿಚಯ, ನಗರ ಯೋಜನೆ ಪರಿಚಯ, ಪರಿಸರ ಕಾನೂನು, ಸಂಗೀತದ ಇತಿಹಾಸ, ಸ್ಟ್ಯಾಟಿಸ್ಟಿಕ್ಸ್ ಪರಿಚಯ, ಸೌಂಡ್ ರೆಕಾರ್ಡಿಂಗ್. ಕೊನೆಯ ವರ್ಷ ಪ್ರಬಂಧ.

ಅಡ್ವೈಸಿಂಗ್ ಮೇಜು

ಪ್ರಶ್ನೆ ಇನ್ನೂ ಬಹಳ ಅಗಲ. ಸಂಗೀತದ ಇತಿಹಾಸ ಯಾಕಿದೆ? ಇಷ್ಟ ಅಂತ ಇದ್ದರೆ ಓದಿ, ಮೇಜರ್ ಲೆಕ್ಕದ ಹೊರಗೆ ಓದಿ. ಸೌಂಡ್ ರೆಕಾರ್ಡಿಂಗ್‌ಗೂ ಅದೇ ಮಾತು. ಮತ್ತೆ, ಇದರಲ್ಲಿ ಬೆನ್ನೆಲುಬು ಯಾವುದು ಎಂದು ನನಗೆ ಕಾಣಲಿಲ್ಲ.

ಡೆಸಿಬಲ್

ನಾನು ಪರಿಸರ ಸದ್ದಿನ ಅಳತೆಯ ಕೆಲಸದಲ್ಲೇ ಇರುವುದು. ಈ ಚರ್ಚೆ ತಡವಾಗಿ ನೋಡಿದೆ. ತಂಗಿ, ನಿಮ್ಮ ಪ್ರಶ್ನೆ ಎಲ್ಲಿ ಸಿಗಬಹುದು ಎಂದು ತೋರಿಸುತ್ತೇನೆ.

ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಯುರೋಪ್ ವಲಯಕ್ಕೆ ಸದ್ದಿನ ಮಾರ್ಗಸೂಚಿ ಕೊಟ್ಟಿತು. ರಸ್ತೆಯ ಸದ್ದು 53 ಡೆಸಿಬಲ್ ಒಳಗಿರಲಿ ಎಂದಿತು. ರೈಲಿಗೆ 54. ವಿಮಾನಕ್ಕೆ 45. ಇಲ್ಲಿ ಸ್ವಲ್ಪ ನಿಲ್ಲಿ. ಮೂರೂ ಒಂದೇ ಅಳತೆಯಲ್ಲಿ ಕೊಟ್ಟ ಸಂಖ್ಯೆಗಳು. ಸದ್ದು ಅಳೆಯುವ ಯಂತ್ರಕ್ಕೆ ಡೆಸಿಬಲ್ ಎಂದರೆ ಡೆಸಿಬಲ್ಲೇ. ಹಾಗಿದ್ದೂ ವಿಮಾನಕ್ಕೂ ರೈಲಿಗೂ 9 ಡೆಸಿಬಲ್ ವ್ಯತ್ಯಾಸ ಬಂದದ್ದು ಹೇಗೆ? ಒಂದೇ ಮಟ್ಟದ ಸದ್ದಿದ್ದರೂ ವಿಮಾನದಿಂದ ತುಂಬಾ ಕಿರಿಕಿರಿ ಎನ್ನುವವರು ಜಾಸ್ತಿ. ಅದು ಗೊತ್ತಾದದ್ದು ಜನರನ್ನು ಕೇಳಿ ನಡೆಸಿದ ಸಮೀಕ್ಷೆಗಳಿಂದ.

ಆ ಅಳತೆಯ ಒಳಗೂ ಒಂದು ವಿಷಯ ಅಡಗಿದೆ. ಅದು 24 ಗಂಟೆಯ ಸರಾಸರಿ. ಆದರೆ ಸಂಜೆಯ ಸದ್ದಿಗೆ 5 ಡೆಸಿಬಲ್, ರಾತ್ರಿಯ ಸದ್ದಿಗೆ 10 ಡೆಸಿಬಲ್ ಸೇರಿಸಿ ಸರಾಸರಿ ತೆಗೆಯುತ್ತಾರೆ. ಡೆಸಿಬಲ್ ಲೆಕ್ಕದಲ್ಲಿ 10 ಹೆಚ್ಚಾದರೆ ಶಕ್ತಿ ಹತ್ತು ಪಟ್ಟು. ಎಂದರೆ ರಾತ್ರಿ ಹೋಗುವ ಒಂದು ಲಾರಿ ಹಗಲು ಹೋಗುವ ಅಂಥದೇ ಹತ್ತು ಲಾರಿಗೆ ಸಮ. ಹತ್ತು ಪಟ್ಟು ಎಂದು ಫಿಸಿಕ್ಸ್ ಹೇಳಿಕೊಡಲಿಲ್ಲ. ನಿದ್ದೆಗೆ ಇಷ್ಟು ಬೆಲೆ ಕೊಡೋಣ ಎಂದು ಜನ ಕೂತು ತೀರ್ಮಾನಿಸಿದ್ದು ಅದು. ಸಂಖ್ಯೆಯ ಹೊಟ್ಟೆಯೊಳಗೇ ಒಂದು ತೀರ್ಮಾನ ಕೂತಿದೆ.

ಈಗ ಕಾನೂನಿಗೆ ಬನ್ನಿ. ಜರ್ಮನಿಯಲ್ಲಿ ಬಹಳ ಕಾಲ ರೈಲಿನ ಸದ್ದಿಗೆ 5 ಡೆಸಿಬಲ್ ರಿಯಾಯಿತಿ ಇತ್ತು. ರಸ್ತೆಗಿಂತ ರೈಲಿನ ಸದ್ದನ್ನು ಜನ ಸಹಿಸಿಕೊಳ್ಳುತ್ತಾರೆ ಎಂದು ಹಳೆಯ ಸಮೀಕ್ಷೆಗಳಲ್ಲಿ ಕಂಡಿತ್ತು. ಅದೇ ನಿಯಮವಾಯಿತು. ಲೆಕ್ಕ ಹಾಕಿದಾಗ ಬಂದದ್ದರಲ್ಲಿ 5 ಕಳೆದು ಮಿತಿಯ ಜೊತೆ ಹೋಲಿಸುತ್ತಿದ್ದರು. ಹಳಿಯ ಪಕ್ಕದವರ ಕಿಟಕಿಗೆ ಸದ್ದು ತಡೆಯುವ ಗಾಜು ಸಿಗುತ್ತದಾ, ಹಳಿ ಪಕ್ಕ ಗೋಡೆ ಬರುತ್ತದಾ ಎನ್ನುವುದು ಆ 5ರ ಮೇಲೆ ನಿಂತಿತ್ತು. ರೈಲುಗಳು ಬದಲಾದವು, ರಾತ್ರಿ ಗೂಡ್ಸ್ ಓಡಾಟದ ಬಗ್ಗೆ ಜನ ದೂರಿದರು. 2015ರಿಂದ ಹೊಸ ರೈಲು ಮಾರ್ಗಗಳಿಗೆ ಆ ರಿಯಾಯಿತಿ ರದ್ದಾಯಿತು.

ಆ 5ರಲ್ಲಿ ನೀವು ಬರೆದ ವಿಭಾಗಗಳೆಲ್ಲ ಇವೆ. ಅಳತೆ, ಕಿರಿಕಿರಿ, ಆರೋಗ್ಯ, ಕಾನೂನು. ಅವು ಒಂದರ ಪಕ್ಕ ಒಂದು ಸುಮ್ಮನೆ ಕೂತಿಲ್ಲ. ಒಂದರ ತೀರ್ಮಾನ ಇನ್ನೊಂದರೊಳಗೆ ಹೋಗಿ ಸಂಖ್ಯೆಯಾಗಿ ಕೂತಿದೆ. ನನ್ನ ಪ್ರಕಾರ ನಿಮ್ಮ ಪ್ರಶ್ನೆ ಇಲ್ಲಿದೆ: ಜನರ ಕಿರಿಕಿರಿ ಮಿತಿಯ ಸಂಖ್ಯೆಯಾಗುವುದು ಹೇಗೆ, ಆ ದಾರಿಯಲ್ಲಿ ಏನು ಬಿಟ್ಟುಹೋಗುತ್ತದೆ? ಬರೀ ಅಕೌಸ್ಟಿಕ್ಸ್ ಓದಿದವರು ಇದನ್ನು ಕೇಳುವುದಿಲ್ಲ. ಬರೀ ಕಾನೂನು ಓದಿದವರಿಗೆ ಆ ಸಂಖ್ಯೆ ಎಲ್ಲಿಂದ ಬಂತು ಎಂದು ಬಿಡಿಸಿ ನೋಡಲು ಆಗುವುದಿಲ್ಲ.

ಅಂಕಿಅಂಶದ ಮೇಷ್ಟ್ರು

ಡೆಸಿಬಲ್ ಅವರು ಬರೆದದ್ದು ಓದಿದ ಮೇಲೆ ನನ್ನ ಮಾತನ್ನು ಸ್ವಲ್ಪ ತಿದ್ದಿ ಹೇಳುತ್ತೇನೆ. ಈ ಪ್ರಶ್ನೆಗೆ ಸ್ಟ್ಯಾಟಿಸ್ಟಿಕ್ಸ್ ಮೇಜರ್ ಒಂದೇ ಸಾಲದು. ಆದರೆ ಬೆನ್ನೆಲುಬು ಅದೇ ಆಗಬೇಕು.

ಕಾರಣ ಹೇಳುತ್ತೇನೆ. 1978ರಲ್ಲಿ ಶುಲ್ಟ್ಸ್ ಎಂಬ ಅಕೌಸ್ಟಿಕ್ಸ್ ತಜ್ಞರು ಆಗಿನ ತನಕ ನಡೆದಿದ್ದ ಹಲವು ಸಮೀಕ್ಷೆಗಳನ್ನು ಒಟ್ಟಿಗೆ ಇಟ್ಟು ಒಂದೇ ಗೆರೆ ಎಳೆದರು. ಸದ್ದು ಇಷ್ಟಿದ್ದರೆ ತುಂಬಾ ಕಿರಿಕಿರಿ ಪಡುವವರು ಶೇಕಡ ಇಷ್ಟು ಎಂಬ ಗೆರೆ. ಅದನ್ನು ನೋಡಿದ ಕೂಡಲೇ ಕೇಳಬೇಕಾದ ಪ್ರಶ್ನೆಗಳಿವೆ. ಬೇರೆ ಬೇರೆ ಸಮೀಕ್ಷೆಯಲ್ಲಿ 'ತುಂಬಾ' ಎಂದು ಎಲ್ಲಿಂದ ಮೇಲಕ್ಕೆ ಎಣಿಸಿದರು? ರಸ್ತೆ, ರೈಲು, ವಿಮಾನ ಮೂರನ್ನೂ ಒಂದೇ ಗೆರೆಗೆ ಸೇರಿಸಿದ್ದು ಸರಿಯಾ? ಒಂದೇ ಬೀದಿಯ ಜನರ ಉತ್ತರಗಳು ಒಂದರಂತೆ ಒಂದು ಇರುತ್ತವೆ, ಅದನ್ನು ಲೆಕ್ಕಕ್ಕೆ ಹಿಡಿದರಾ? ಸದ್ದು ತಾಳಲಾರದೆ ಮನೆ ಬಿಟ್ಟು ಹೋದವರು ಸಮೀಕ್ಷೆಯಲ್ಲಿ ಸಿಗುತ್ತಾರಾ? ಪರಿಚಯದ ಕೋರ್ಸ್ ಒಂದರಿಂದ ಇವನ್ನು ಕೇಳುವ ಧೈರ್ಯ ಬರುವುದಿಲ್ಲ. ಪ್ರಾಬಬಿಲಿಟಿ, ರಿಗ್ರೆಷನ್, ಸಮೀಕ್ಷೆಯ ಮಾದರಿ ಆಯ್ಕೆ, ಮಲ್ಟಿಲೆವೆಲ್ ಮಾಡೆಲ್ (ಒಂದೇ ಬೀದಿಯವರಂತೆ ಗುಂಪಾಗಿ ಬರುವ ಉತ್ತರಗಳ ಲೆಕ್ಕ) — ಈ ನಾಲ್ಕು ಬೇಕೇ ಬೇಕು. ಅದಕ್ಕೆ ಮೊದಲು ಕ್ಯಾಲ್ಕುಲಸ್, ಲೀನಿಯರ್ ಆಲ್ಜೀಬ್ರ. ಇಷ್ಟಾದರೆ ಸ್ಟ್ಯಾಟಿಸ್ಟಿಕ್ಸ್ ಮೈನರ್ ಹೆಚ್ಚುಕಡಿಮೆ ಮುಗಿದಂತೆ. ಅದನ್ನು ಅಧಿಕೃತವಾಗಿ ದಾಖಲಿಸಿಕೋ. ನಕಾಶೆಯವರು ಹೇಳಿದ ಅರ್ಜಿ ಪಟ್ಟಿಯ ತೊಂದರೆ ಅರ್ಧ ತೀರುತ್ತದೆ.

ಎರಡನೇ ಸೆಮಿಸ್ಟರ್

ಇದನ್ನೆಲ್ಲ ಓದಿ ನನಗೇ ಸದ್ದಿನ ಬಗ್ಗೆ ಓದಬೇಕು ಅನ್ನಿಸುತ್ತಿದೆ. ಮಾರ್ಗದರ್ಶಕರನ್ನು ಹುಡುಕುವುದು ಹೇಗೆ ಅಂತ ಯಾರೂ ಹೇಳಲಿಲ್ಲ. ನಮ್ಮಲ್ಲಿ ಎಲ್ಲರೂ 'ಸಮಯ ಇಲ್ಲ' ಎನ್ನುತ್ತಾರೆ.

ಹಳೆ ಕಡತ

'ನನಗೆ ಮಾರ್ಗದರ್ಶನ ಮಾಡುತ್ತೀರಾ?' ಎಂದು ಮೇಲ್ ಕಳಿಸಿದರೆ ಹಾಗೆಯೇ ಆಗುತ್ತದೆ. ಮೊದಲು ಅವರ ಕೋರ್ಸ್ ಒಂದನ್ನು ಓದಿ. ಅವರು ಬರೆದ ಲೇಖನ ಒಂದನ್ನು ಓದಿ. ಅದರ ಮೇಲೆ ಒಂದು ಪ್ರಶ್ನೆ ಹಿಡಿದು ಅವರ ಕಚೇರಿ ಸಮಯದಲ್ಲಿ ಹೋಗಿ. ಎರಡನೇ ಸಲ ಹೋಗುವಾಗ ಒಂದೇ ಪುಟದ ಕರಡು ಕೊಡಿ. ಒಪ್ಪಿದ ಮೇಲೂ ಒಂದು ವಿಷಯ ಕೇಳಲೇಬೇಕು: ನಿಮ್ಮ ಕೊನೆಯ ವರ್ಷದಲ್ಲಿ ಅವರು ರಜೆಯ ಮೇಲೆ ಸಂಶೋಧನೆಗೆ ಹೋಗುತ್ತಾರಾ ಎಂದು. ಹೋಗುವುದಾದರೆ ಇನ್ನೊಬ್ಬರ ಹೆಸರನ್ನು ಅವರಿಂದಲೇ ಕೇಳಿ ಪಡೆಯಿರಿ. ಸ್ವಂತ ಮೇಜರ್‌ನಲ್ಲಿ ಮಾರ್ಗದರ್ಶಕರು ಇಲ್ಲವೆಂದರೆ ವಿಭಾಗವೇ ಇಲ್ಲದಂತೆ.

ಕಿವಿಗೊಟ್ಟವಳು

ಮೇಷ್ಟ್ರೇ, ಡೆಸಿಬಲ್ ಅಣ್ಣ, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕರಡು ಪೂರ್ತಿ ಬದಲಾಯಿತು.

ಶೀರ್ಷಿಕೆ: ಸದ್ದಿನ ಮಿತಿಗಳು — ಅಳತೆ, ಸಮೀಕ್ಷೆ, ಕಾನೂನು. ಪ್ರಶ್ನೆ: ಜನರು ಹೇಳುವ ಕಿರಿಕಿರಿ ಕಾನೂನಿನ ಸಂಖ್ಯೆಯಾಗುವಾಗ ಯಾರ ಅನುಭವ ಲೆಕ್ಕಕ್ಕೆ ಬರುತ್ತದೆ, ಯಾರದ್ದು ಬರುವುದಿಲ್ಲ? ಬೆನ್ನೆಲುಬು ಸ್ಟ್ಯಾಟಿಸ್ಟಿಕ್ಸ್, ಮೇಷ್ಟ್ರು ಹೇಳಿದ ನಾಲ್ಕೂ ಕೋರ್ಸ್, ಮೈನರ್ ಸಮೇತ. ಅದರ ಜೊತೆ ಅಕೌಸ್ಟಿಕ್ಸ್ ಒಂದು, ಎಪಿಡೆಮಿಯಾಲಜಿ ಎರಡು ಹಂತ, ಗ್ರಹಿಕೆಯ ಸೈಕಾಲಜಿ, ಪರಿಸರ ಕಾನೂನು. ನಗರ ಯೋಜನೆ ಬದಲಿ ಪಟ್ಟಿಗೆ ಹೋಯಿತು. ಸಂಗೀತದ ಇತಿಹಾಸ ಮೇಜರ್ ಹೊರಗೆ ಓದುತ್ತೇನೆ, ಅದನ್ನು ಬಿಡಲು ಮನಸ್ಸಿಲ್ಲ. ಕೊನೆಯ ವರ್ಷ ಒಂದು ರೈಲು ಮಾರ್ಗದ ಪಕ್ಕ ಸದ್ದು ಅಳೆದು, ಅಲ್ಲಿನ ಮನೆಗಳಲ್ಲಿ ಸಮೀಕ್ಷೆ ಮಾಡಿ, ಎರಡನ್ನೂ ಹೋಲಿಸುವ ಪ್ರಬಂಧ.

ಪಬ್ಲಿಕ್ ಹೆಲ್ತ್‌ನ ಒಬ್ಬ ಅಧ್ಯಾಪಕರ ಬಳಿ ಮಾತಾಡಿದ್ದೇನೆ. ಪುಟ ತಂದುಕೊಡು ಎಂದಿದ್ದಾರೆ.

ಡೆಸಿಬಲ್

ಚೆನ್ನಾಗಿದೆ ತಂಗಿ. ಸಮೀಕ್ಷೆಗೆ ಪ್ರಶ್ನೆಗಳನ್ನು ನೀವೇ ಹೊಸದಾಗಿ ಬರೆಯಲು ಹೋಗಬೇಡಿ. ಕಳೆದ 12 ತಿಂಗಳಲ್ಲಿ ಮನೆಯಲ್ಲಿದ್ದಾಗ ಇಂಥ ಸದ್ದು ಎಷ್ಟು ಕಾಡಿತು ಎಂದು ಕೇಳುವ, ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್‌ಒ ಒಪ್ಪಿದ ಪ್ರಶ್ನೆಯೊಂದಿದೆ. ಉತ್ತರಕ್ಕೆ ಐದು ಹಂತದ ಒಂದು ಸಾಲು, 0ಯಿಂದ 10ರ ತನಕ ಇನ್ನೊಂದು ಸಾಲು. ಅದನ್ನೇ ಬಳಸಿದರೆ ನಿಮ್ಮ ಫಲಿತಾಂಶವನ್ನು ಬೇರೆಯವರದ್ದರ ಜೊತೆ ಇಟ್ಟು ನೋಡಬಹುದು.

ಅಡ್ವೈಸಿಂಗ್ ಮೇಜು

ಈ ಕರಡು ನಮ್ಮ ಸಮಿತಿಗೆ ಬಂದಿದ್ದರೆ ನಾನು ಕೂರಿಸಿ ಮಾತಾಡುತ್ತಿದ್ದೆ, ವಾಪಸ್ ಕಳಿಸುತ್ತಿರಲಿಲ್ಲ. ಎರಡು ವಿಷಯ ಸೇರಿಸಿ. ಜನರನ್ನು ಮಾತಾಡಿಸುವ ಅಧ್ಯಯನಕ್ಕೆ ಕಾಲೇಜಿನ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಅದು ತಡವಾಗುತ್ತದೆ, ಮೂರನೇ ವರ್ಷದಲ್ಲೇ ಅರ್ಜಿ ಹಾಕುತ್ತೇನೆ ಎಂದು ಬರೆಯಿರಿ. ಇವತ್ತಿನಿಂದಲೇ ಪ್ರತಿ ಕೋರ್ಸ್‌ನ ಸಿಲಬಸ್ ಮತ್ತು ನೀವು ಬರೆದ ದೊಡ್ಡ ಅಸೈನ್‌ಮೆಂಟ್‌ಗಳನ್ನು ಒಂದು ಫೋಲ್ಡರ್‌ನಲ್ಲಿ ಹಾಕಿಡಿ. ಮುಂದೆ ಬೇರೆ ಕಾಲೇಜಿಗೆ ಹೋದರೂ, ಸ್ನಾತಕೋತ್ತರ ಅರ್ಜಿ ಹಾಕಿದರೂ ಈ ಕೋರ್ಸ್‌ನಲ್ಲಿ ಏನು ಕಲಿತೆ ಎಂದು ಕೇಳುತ್ತಾರೆ. ಆಗ ಹುಡುಕಿದರೆ ಸಿಗುವುದಿಲ್ಲ.

ಮಗಳ ಅಮ್ಮ

ಮಗಳಿಗೆ ಇದನ್ನೆಲ್ಲ ಓದಲು ಕೊಟ್ಟೆ. 'ನನ್ನ ಪ್ರಶ್ನೆ ಏನು ಅಂತ ಇನ್ನೂ ಗೊತ್ತಿಲ್ಲ ಅಮ್ಮ' ಎಂದಳು. ಈ ಸೆಮಿಸ್ಟರ್ ಪ್ರಸ್ತಾವ ಕೊಡುವುದಿಲ್ಲವಂತೆ. ಎರಡು ವಿಭಾಗದ ಮುಂದಿನ ಹಂತದ ಕೋರ್ಸ್ ತೆಗೆದುಕೊಂಡು ನೋಡುತ್ತಾಳಂತೆ. ನಿಮ್ಮೆಲ್ಲರಿಗೂ ಧನ್ಯವಾದ. ಅವಳಿಗೆ ಕೇಳುವುದು ಇದ್ದರೆ ಅವಳೇ ಇಲ್ಲಿ ಬರೆಯುತ್ತಾಳೆ.